ದೊಡ್ಡ ಟರ್ಬೊಗಿಂತ ಮುಂಚೆ ಪೆಟ್ರೋಲು, ಬಿಸಿ, ಗೇರ್‌ಬಾಕ್ಸ್ ನೋಡಿಕೊಳ್ಳಿ

ಪ್ರಶ್ನೆ: ನಾನು ಕೋಲಾರದವನು. 2018ರ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ 230 ಕಾರನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡಿದ್ದೇನೆ. 64,000 ಕಿ.ಮೀ. ಓಡಿದೆ. ದಿನಾ ನರಸಾಪುರಕ್ಕೆ ಕೆಲಸಕ್ಕೆ ಇದರಲ್ಲೇ ಹೋಗಿಬರುತ್ತೇನೆ. ಆಗಾಗ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೂ ಒಯ್ಯುತ್ತೇನೆ. ಈಗಿರುವ ಐಎಸ್20 ಟರ್ಬೊ ತೆಗೆದು ಐಎಸ್38 ಹಾಕಿಸುವ ಆಸೆ. ಬೆಂಗಳೂರಿನ ಒಂದು ಗ್ಯಾರೇಜಿನವರು ಟರ್ಬೊ, ಓಪನ್ ಫಿಲ್ಟರ್, ಬ್ಲೋ-ಆಫ್ ವಾಲ್ವ್, ಜೊತೆಗೆ ‘ಸ್ಟೇಜ್ 3’ ಸಾಫ್ಟ್‌ವೇರ್ ಅಂತ ಕೊಟೇಶನ್ ಕೊಟ್ಟಿದ್ದಾರೆ. ಇಷ್ಟು ಸಾಕಾ ಸರ್? ಪಿಸ್ಟನ್, ಕನೆಕ್ಟಿಂಗ್ ರಾಡ್ ಎಲ್ಲ ಬದಲಿಸಬೇಕಾ?

ಉತ್ತರ: ಟರ್ಬೊ ಆಯ್ಕೆ ಸರಿಯಾಗಿದೆ. ಫಿಲ್ಟರು, ಬ್ಲೋ-ಆಫ್ ವಾಲ್ವು ಎರಡನ್ನೂ ಹೊಡೆದುಹಾಕಿ. ನಿಜವಾಗಿ ಬೇಕಾದ ಸಾಮಾನು ಆ ಕೊಟೇಶನ್‌ನಲ್ಲಿ ಇಲ್ಲವೇ ಇಲ್ಲ. ಪಿಸ್ಟನ್, ರಾಡ್ ಸದ್ಯಕ್ಕೆ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಿಮ್ಮ ಕಾರಿನಲ್ಲಿರುವುದು ಇಎ888 ಮೂರನೇ ತಲೆಮಾರಿನ 2.0 ಲೀಟರ್ ಎಂಜಿನ್. ಕಂಪನಿ ಲೆಕ್ಕದಲ್ಲಿ ಪವರ್ 230 ಪಿಎಸ್, ಟಾರ್ಕ್ ಅಂದರೆ ತಿರುಗಿಸುವ ಬಲ 350 ಎನ್ಎಂ. ಐಎಸ್38 ಅಂದರೆ ಇದೇ ಕುಟುಂಬದ ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್ ಕಾರಿಗೆ ಬರುವ ಟರ್ಬೊ. ಅಲ್ಲಿ ಅದು ಕಂಪನಿಯಿಂದಲೇ 300 ಪಿಎಸ್ ಕೊಡುತ್ತದೆ. ಹಳೆಯದರ ಜಾಗದಲ್ಲೇ ಕೂರುವುದರಿಂದ ಜಿಟಿಐ, ವಿಆರ್‌ಎಸ್ ಕಾರುಗಳಿಗೆ ಇದನ್ನು ಹಾಕುವುದು ಲೋಕದಲ್ಲೆಲ್ಲ ಮಾಮೂಲಿ ಕೆಲಸ. ನೀವು 330–340 ಪಿಎಸ್ ಗುರಿ ಇಟ್ಟುಕೊಂಡಿದ್ದೀರಿ ಅಂತ ಭಾವಿಸಿ ಬರೆಯುತ್ತಿದ್ದೇನೆ. 400 ಬೇಕು ಅನ್ನುವುದಾದರೆ ಅದು ಬೇರೆ ಎಂಜಿನ್ನು, ಬೇರೆ ಬಜೆಟ್ಟು.

ಬೋರ್‌ವೆಲ್‌ಗೆ 5 ಎಚ್‌ಪಿ ಮೋಟಾರ್ ತೆಗೆದು 10 ಎಚ್‌ಪಿ ಇಳಿಸಿ, ಪೈಪು, ಕೇಬಲ್ಲು, ಸ್ಟಾರ್ಟರು ಹಳೆಯದೇ ಬಿಟ್ಟರೆ ಏನಾಗುತ್ತದೆ ಅಂತ ಕೋಲಾರದವರಿಗೆ ನಾನು ಹೇಳಬೇಕಾಗಿಲ್ಲ. ಇಲ್ಲೂ ಅದೇ ಕಥೆ. ಟರ್ಬೊ ಬರೀ ಗಾಳಿ ತಳ್ಳುತ್ತದೆ. ಆ ಗಾಳಿಯನ್ನು ತಣ್ಣಗೆ ಮಾಡುವುದು, ಅದಕ್ಕೆ ತಕ್ಕಷ್ಟು ಪೆಟ್ರೋಲು ಕೊಡುವುದು, ಹುಟ್ಟಿದ ಬಲವನ್ನು ಚಕ್ರಕ್ಕೆ ಮುಟ್ಟಿಸುವುದು, ಇವೆಲ್ಲ ಬೇರೆ ಬೇರೆ ಭಾಗಗಳ ಕೆಲಸ.

ಮೊದಲು ನಿಮ್ಮ ಊರಿನ ವಿಚಾರ. ಕೊಟೇಶನ್ ಕೊಡುವವರು ಇದನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗಿಂತ ಸ್ವಲ್ಪ ಜಾಸ್ತಿ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು 0.92 ಬಾರ್. ಚೆನ್ನೈ ಕಡೆ ಅದು 1.01 ಬಾರ್ ಆಸುಪಾಸು. ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್‌ನಲ್ಲಿ ಒಟ್ಟು 2.2 ಬಾರ್ ಬೇಕು ಅಂದುಕೊಳ್ಳಿ. ಇರುಂಗಾಟ್ಟುಕೋಟೈಯಲ್ಲಿ ಟರ್ಬೊ ಗಾಳಿಯನ್ನು ಸುಮಾರು 2.2 ಪಟ್ಟು ಒತ್ತಿದರೆ ಸಾಕು. ಕೋಲಾರದಲ್ಲಿ 2.4 ಪಟ್ಟು ಒತ್ತಬೇಕು. ನಂದಿ ಬೆಟ್ಟದ ಮೇಲಾದರೆ 2.6 ಪಟ್ಟು. ಅದೇ ಬಲಕ್ಕೆ ಇಲ್ಲಿ ಟರ್ಬೊ ಜಾಸ್ತಿ ವೇಗದಲ್ಲಿ ತಿರುಗುತ್ತದೆ, ಗಾಳಿ ಜಾಸ್ತಿ ಕಾಯುತ್ತದೆ, ಬೂಸ್ಟ್ (ಟರ್ಬೊ ಕೊಡುವ ಹೆಚ್ಚುವರಿ ಒತ್ತಡ) ಏಳುವುದೂ ಸ್ವಲ್ಪ ತಡವಾಗುತ್ತದೆ.

ನಿಮ್ಮ ಕಾರಿನ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಹೊರಗಿನ ಒತ್ತಡ ನೋಡಿಕೊಂಡು, ಮ್ಯಾನಿಫೋಲ್ಡ್‌ನ ಒಟ್ಟು ಒತ್ತಡವನ್ನೇ ಗುರಿಯಾಗಿ ಹಿಡಿಯುತ್ತದೆ. ಇದು ಒಳ್ಳೆಯದು. ಮುಳಬಾಗಿಲು, ಪಲಮನೇರು ದಾಟಿ ಘಾಟಿ ಇಳಿದು ಚೆನ್ನೈ ಕಡೆ ಹೋದರೂ ಅದು ತಾನೇ ಹೊಂದಿಸಿಕೊಳ್ಳುತ್ತದೆ. ಎತ್ತರದ ಜಾಗದಲ್ಲಿ ಟರ್ಬೊ ಮಿತಿಮೀರಿ ತಿರುಗದಿರಲಿ ಅಂತ ಕಂಪನಿ ಸಾಫ್ಟ್‌ವೇರ್‌ನಲ್ಲಿ ಬೂಸ್ಟ್ ತಗ್ಗಿಸುವ ಒಂದು ಮಿತಿಯೂ ಇರುತ್ತದೆ. ಈ ಸಾಫ್ಟ್‌ವೇರ್ ಬದಲಿಸಿಕೊಡುವ ಕೆಲವು ಟ್ಯೂನರ್‌ಗಳು ‘ಪವರ್ ಸಿಗಲಿ’ ಅಂತ ಆ ಮಿತಿಯನ್ನೇ ತೆಗೆದುಬಿಡುತ್ತಾರೆ. ನಿಮ್ಮ ಟ್ಯೂನರ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಎತ್ತರದ ಮಿತಿಯನ್ನು ಏನು ಮಾಡುತ್ತೀರಿ? ಉತ್ತರ ತಡವರಿಸಿದರೆ ಬೇರೆಯವರನ್ನು ನೋಡಿ. ಸಮುದ್ರಮಟ್ಟದ ಊರಿನಲ್ಲಿ ಮಾಡಿದ ರೆಡಿಮೇಡ್ ಫೈಲನ್ನು ಹಾಗೇ ತುಂಬಿಸಿದರೆ, ಹೊಸ ಐಎಸ್38ರ ಶಾಫ್ಟು ಅದರ ಬೆಲೆ ತೆರುತ್ತದೆ.

ಈಗ ಬಿಸಿ. ಏಪ್ರಿಲ್ ತಿಂಗಳಲ್ಲಿ ಟರ್ಬೊ ಒಳಗೆ ಹೋಗುವ ಗಾಳಿ 40 ಡಿಗ್ರಿ ಇದೆ ಅನ್ನೋಣ. ಅದನ್ನು 2.4 ಪಟ್ಟು ಒತ್ತಿದರೆ, ಟರ್ಬೊದಲ್ಲಿ ಗಾಳಿ ಒತ್ತುವ ಕಂಪ್ರೆಸರ್‌ನ ದಕ್ಷತೆ 70% ಅಂತ ಹಿಡಿದರೂ, ಟರ್ಬೊದಿಂದ ಹೊರಬರುವಾಗ ಗಾಳಿ 165 ಡಿಗ್ರಿ ದಾಟಿರುತ್ತದೆ. ಈ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಆ ಹೆಚ್ಚುವರಿ ಬಿಸಿಯಲ್ಲಿ 70% ತೆಗೆದರೆ ಎಂಜಿನ್‌ಗೆ 78 ಡಿಗ್ರಿ ಗಾಳಿ ಸಿಗುತ್ತದೆ. 85% ತೆಗೆದರೆ 59 ಡಿಗ್ರಿ. ಈ 20 ಡಿಗ್ರಿ ತುಂಬಾ ದೊಡ್ಡ ವ್ಯತ್ಯಾಸ. ಗಾಳಿ ಬಿಸಿಯಾದಷ್ಟೂ ನಾಕಿಂಗ್ (ಮಿಶ್ರಣ ಹಿಡಿತ ತಪ್ಪಿ ತಾನಾಗಿ ಸಿಡಿಯುವುದು) ಹತ್ತಿರ ಬರುತ್ತದೆ, ಇಸಿಯು ಇಗ್ನಿಷನ್ ಟೈಮಿಂಗ್ ಅಂದರೆ ಕಿಡಿ ಹಾರಿಸುವ ಹೊತ್ತನ್ನು ಹಿಂದೆ ಎಳೆಯುತ್ತದೆ, ದುಡ್ಡು ಕೊಟ್ಟು ಹಾಕಿಸಿದ ಪವರ್ ಹೊಗೆಕೊಳವೆಯಲ್ಲಿ ಬಿಸಿಯಾಗಿ ಹೋಗುತ್ತದೆ.

ನಿಮ್ಮ ಕಾರಿನಲ್ಲಿ ಇಂಟರ್‌ಕೂಲರ್ ಇರುವುದು ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ. ಎಸಿ ಹಾಕಿಕೊಂಡು ಹೆದ್ದಾರಿ ಸಿಗ್ನಲ್‌ನಲ್ಲಿ ನಿಂತರೆ ಅದು ನಿಂತಲ್ಲೇ ಬೇಯುತ್ತದೆ. ಆದ್ದರಿಂದ ಟರ್ಬೊಗಿಂತ ಮೊದಲು ಇಂಟರ್‌ಕೂಲರ್ ಕೊಳ್ಳಿ. ಹಾಂ, ಮೊದಲು. ಈಗಿರುವ ಐಎಸ್20 ಜೊತೆಗೇ ಅದು ಟ್ರ್ಯಾಕ್‌ನಲ್ಲಿ ಲ್ಯಾಪ್ ಮೇಲೆ ಲ್ಯಾಪ್ ಒಂದೇ ಸಮ ಪವರ್ ಕೊಡುವುದನ್ನು ನೋಡುತ್ತೀರಿ. ಕೊಳ್ಳುವಾಗ ಬರೀ ದಪ್ಪ ನೋಡಬೇಡಿ. ತೀರಾ ದಪ್ಪ ಕೋರ್ ಹಿಂದಿನ ರೇಡಿಯೇಟರ್‌ಗೆ ಗಾಳಿ ತಡೆಯುತ್ತದೆ. ಒಳಗೆ ಒತ್ತಡ ಎಷ್ಟು ಬೀಳುತ್ತದೆ ಅಂತ ಕೇಳಿ. ಅಲ್ಲಿ 0.1 ಬಾರ್ ಕಳೆದುಕೊಂಡರೆ ಟರ್ಬೊ ಅದನ್ನು ಮತ್ತೆ ದುಡಿದು ತುಂಬಬೇಕು. ಎರಡು ಬದಿಯ ಟ್ಯಾಂಕು ಎರಕದ ಅಲ್ಯೂಮಿನಿಯಂ ಇದ್ದರೆ ಒಳ್ಳೆಯದು.

ಇದೇ ಹೊತ್ತಿಗೆ ಕೂಲಂಟ್ ಕಡೆಯೂ ಒಂದು ಕಣ್ಣಿರಲಿ. ಈ ಎಂಜಿನ್‌ನಲ್ಲಿ ವಾಟರ್ ಪಂಪ್ ಮತ್ತು ಥರ್ಮೋಸ್ಟಾಟ್ ಕೂರುವ ಪ್ಲಾಸ್ಟಿಕ್ ಹೌಸಿಂಗ್ ಸೋರುವುದು ಎಲ್ಲರಿಗೂ ಗೊತ್ತಿರುವ ಕಾಯಿಲೆ. 64,000 ಆಗಿದೆ ಅಂದಮೇಲೆ, ಒಣಗಿದ ಗುಲಾಬಿ ಬಣ್ಣದ ಕಲೆ ಕಂಡರೆ ಸಾಕು, ಟರ್ಬೊ ಕೆಲಸಕ್ಕೆ ಮುಂಚೆ ಅದನ್ನು ಬದಲಿಸಿ.

ಇನ್ನು ಪೆಟ್ರೋಲು. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆ ಇರಲಿ.

230 ಪಿಎಸ್‌ನಿಂದ 340ಕ್ಕೆ ಹೋಗುವುದು ಅಂದರೆ ಹೆಚ್ಚುಕಡಿಮೆ ಒಂದೂವರೆ ಪಟ್ಟು ಪೆಟ್ರೋಲು. ಅದರ ಮೇಲೆ ಇ20 ಬಂದಿದೆ. ಶುದ್ಧ ಪೆಟ್ರೋಲು ಪೂರ್ತಿ ಉರಿಯಲು 14.7 ಭಾಗ ಗಾಳಿಗೆ 1 ಭಾಗ ಇಂಧನ ಬೇಕು. ಎಥನಾಲ್‌ಗೆ 9 ಭಾಗ ಗಾಳಿ ಸಾಕು. 20% ಎಥನಾಲ್ ಬೆರೆತ ಇಂಧನಕ್ಕೆ ಈ ಲೆಕ್ಕ ಸುಮಾರು 13.5ಕ್ಕೆ ಇಳಿಯುತ್ತದೆ. ಅಂದರೆ ಅಷ್ಟೇ ಗಾಳಿಗೆ ಪಂಪು, ಇಂಜೆಕ್ಟರು ಇನ್ನೂ 8–9% ಜಾಸ್ತಿ ಇಂಧನ ಹಾಯಿಸಬೇಕು. ಇ20 ಬರುವ ಮುಂಚೆ ‘ಕಂಪನಿ ಪಂಪೇ ಸಾಕು’ ಅಂತ ಬರೆದಿಟ್ಟ ಸಲಹೆಗಳನ್ನು ನಮ್ಮ ಬಂಕಿನ ಪೆಟ್ರೋಲಿಗೆ ಹಾಗೇ ನಂಬಬೇಡಿ.

ಹಾಗಂತ ಇ20 ಬರೀ ಕಿರಿಕಿರಿಯೂ ಅಲ್ಲ. ಎಥನಾಲ್ ನಾಕಿಂಗ್ ತಡೆಯುತ್ತದೆ, ಆವಿಯಾಗುವಾಗ ಸಿಲಿಂಡರನ್ನು ತಂಪು ಮಾಡುತ್ತದೆ. ಟರ್ಬೊ ಎಂಜಿನ್‌ಗೆ ಎರಡೂ ಲಾಭ. ಪಂಪು ಸಾಲಬೇಕು ಅಷ್ಟೇ.

ನಿಮ್ಮ ಎಂಜಿನ್‌ನಲ್ಲಿ ಇಂಧನ ಎರಡು ಹಂತದಲ್ಲಿ ಬರುತ್ತದೆ. ಟ್ಯಾಂಕಿನ ಒಳಗಿನ ಪಂಪು ಕಡಿಮೆ ಒತ್ತಡದಲ್ಲಿ ಮುಂದಕ್ಕೆ ಕಳಿಸುತ್ತದೆ. ಕ್ಯಾಮ್‌ಶಾಫ್ಟ್ ಒತ್ತುವ ಹೈ ಪ್ರೆಶರ್ ಪಂಪು ಅದನ್ನು 200 ಬಾರ್‌ವರೆಗೆ ಏರಿಸುತ್ತದೆ. ನೇರವಾಗಿ ಸಿಲಿಂಡರ್ ಒಳಗೆ ಚಿಮ್ಮಿಸುವ ಇಂಜೆಕ್ಟರ್‌ಗೆ ಸಮಯ ಬಹಳ ಕಡಿಮೆ. 6,500 ಆರ್‌ಪಿಎಂನಲ್ಲಿ ಎಂಜಿನ್‌ನ ಒಂದು ಪೂರ್ತಿ ಸುತ್ತು, ಅಂದರೆ ನಾಲ್ಕೂ ಸ್ಟ್ರೋಕು, 18 ಮಿಲಿಸೆಕೆಂಡ್ ಚಿಲ್ಲರೆಯಲ್ಲಿ ಮುಗಿಯುತ್ತದೆ. ಅದರಲ್ಲಿ ಪೆಟ್ರೋಲು ಚಿಮ್ಮಿಸಿ ಗಾಳಿ ಜೊತೆ ಬೆರೆಸಲು ಸಿಗುವುದು 5 ಮಿಲಿಸೆಕೆಂಡ್ ಆಸುಪಾಸು. ಇಂಜೆಕ್ಟರ್‌ಗಳಿಗೆ ಇಂಧನ ಹಂಚುವ ಪೈಪಿನ ಒತ್ತಡ, ಅಂದರೆ ರೈಲ್ ಒತ್ತಡ ಕುಸಿದರೆ ಆ ಸಮಯದಲ್ಲಿ ಕೆಲಸ ಮುಗಿಯುವುದಿಲ್ಲ. ಪೆಟ್ರೋಲು ಸಾಲದೆ ಮಿಶ್ರಣ ಬಡವಾಗುತ್ತದೆ, ಪಿಸ್ಟನ್ ತಲೆ ಕಾಯುತ್ತದೆ.

ಇದೇ ಎಂಜಿನ್‌ನ ಕೆಲವು ಆವೃತ್ತಿಗಳಲ್ಲಿ ಇನ್‌ಟೇಕ್ ಪೋರ್ಟ್‌ಗೂ ಇನ್ನೊಂದು ಸೆಟ್ ಇಂಜೆಕ್ಟರ್ ಇರುತ್ತದೆ, ಕೆಲವುಗಳಲ್ಲಿ ಇರುವುದಿಲ್ಲ. ನಿಮ್ಮದರಲ್ಲಿ ಇದೆಯಾ ಅಂತ ಮೆಕ್ಯಾನಿಕ್‌ ಹತ್ತಿರ ಮ್ಯಾನಿಫೋಲ್ಡ್ ತೋರಿಸಿ ಖಚಿತ ಮಾಡಿಕೊಳ್ಳಿ. ಇದ್ದರೆ ನಿಮ್ಮ ಅದೃಷ್ಟ. ಆ ಇಂಜೆಕ್ಟರ್‌ಗೆ ಇಷ್ಟು ಆತುರವಿಲ್ಲ, ವಾಲ್ವ್ ಮೇಲೆ ಮಸಿಯೂ ಕಡಿಮೆ ಕೂರುತ್ತದೆ. ಇಲ್ಲದಿದ್ದರೆ ದೊಡ್ಡ ಪಿಸ್ಟನ್ ಇರುವ ಹೈ ಪ್ರೆಶರ್ ಪಂಪನ್ನು ಬಜೆಟ್‌ಗೆ ಸೇರಿಸಿಕೊಳ್ಳಿ, ಜೊತೆಗೆ ಇನ್‌ಟೇಕ್ ವಾಲ್ವ್‌ಗಳ ಮಸಿ ತೆಗೆಸಿ.

ಆಕ್ಟೇನ್ ಬಗ್ಗೆಯೂ ಒಂದು ಮಾತು. ಕೆಲವರು 100 ಆಕ್ಟೇನ್ ಪೆಟ್ರೋಲಿಗೆ ಮ್ಯಾಪ್ (ಇಸಿಯು ಸಾಫ್ಟ್‌ವೇರ್ ಹೊಂದಿಕೆ) ಮಾಡಿಸಿ ಮೆರೆಯುತ್ತಾರೆ. ಸರಿ, ಆದರೆ ಅದು ದೊಡ್ಡ ಊರಿನ ಕೆಲವೇ ಬಂಕುಗಳಲ್ಲಿ ಸಿಗುವ ಸರಕು. ಮುಳಬಾಗಿಲ ಹತ್ತಿರ ಟ್ಯಾಂಕ್ ಖಾಲಿಯಾದರೆ ಏನು ಮಾಡುತ್ತೀರಿ? ನಿಮಗೆ ವಾರವಾರ ತಪ್ಪದೆ ಸಿಗುವ ಪೆಟ್ರೋಲು ಯಾವುದೋ ಅದಕ್ಕೇ ಮುಖ್ಯ ಮ್ಯಾಪ್ ಮಾಡಿಸಿ. ಟ್ರ್ಯಾಕ್ ದಿನಕ್ಕೆ ಬೇಕಿದ್ದರೆ ಇನ್ನೊಂದು ಮ್ಯಾಪ್ ಇರಲಿ.

ಸ್ಪಾರ್ಕ್ ಪ್ಲಗ್ ಸಣ್ಣ ಖರ್ಚು, ಮರೆಯಬೇಡಿ. ಒಂದು ಹಂತ ತಣ್ಣನೆಯ, ಅಂದರೆ ಬಿಸಿಯನ್ನು ಬೇಗ ಬಿಟ್ಟುಕೊಡುವ ಪ್ಲಗ್, ಗ್ಯಾಪ್ 0.6ರಿಂದ 0.65 ಮಿ.ಮೀ. ಒತ್ತಡ ಜಾಸ್ತಿಯಾದಾಗ ಅಗಲ ಗ್ಯಾಪ್‌ನಲ್ಲಿ ಕಿಡಿ ಆರಿಹೋಗುತ್ತದೆ. ಕಾಯಿಲ್ ಹಳೆಯದಾಗಿದ್ದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ.

ಈಗ ಗೇರ್‌ಬಾಕ್ಸ್. ನಿಮ್ಮ ಕೊಟೇಶನ್‌ನಲ್ಲಿ ಇದರ ಹೆಸರೇ ಇಲ್ಲದ್ದು ನೋಡಿ ಸ್ವಲ್ಪ ಗಾಬರಿಯಾಯಿತು. ನಿಮ್ಮದು ಎಣ್ಣೆಯಲ್ಲಿ ಮುಳುಗಿದ ಕ್ಲಚ್‌ನ 6 ಗೇರಿನ ಡಿಎಸ್‌ಜಿ (ಜೋಡಿ ಕ್ಲಚ್‌ನ ಆಟೊಮ್ಯಾಟಿಕ್), ಡಿಕ್ಯೂ250. ಅದನ್ನು ಕಂಪನಿ ರೂಪಿಸಿದ್ದೇ 350 ಎನ್ಎಂ ಆಸುಪಾಸಿಗೆ. ನಿಮ್ಮ ಕಾರು ಈಗಲೇ ಆ ಅಂಚಿನಲ್ಲಿದೆ. ಐಎಸ್38 ಹಾಕಿ 430 ಎನ್ಎಂ ತೆಗೆದರೆ, ಗೇರ್‌ಬಾಕ್ಸ್ ಸಾಫ್ಟ್‌ವೇರ್ ಹಳೆಯದೇ ಇದ್ದಾಗ ಎರಡರಲ್ಲಿ ಒಂದು ಆಗುತ್ತದೆ. ಗೇರ್‌ಬಾಕ್ಸೇ ಎಂಜಿನ್‌ಗೆ ‘ಟಾರ್ಕ್ ಇಳಿಸು’ ಅನ್ನುತ್ತದೆ, ಇಲ್ಲವೇ ಕ್ಲಚ್ ಜಾರುತ್ತದೆ. ಆದ್ದರಿಂದ ಎಂಜಿನ್ ಮ್ಯಾಪ್ ಜೊತೆಯಲ್ಲೇ ಗೇರ್‌ಬಾಕ್ಸ್ ಮ್ಯಾಪ್ ಆಗಬೇಕು: ಕ್ಲಚ್ ಒತ್ತಡ ಏರಬೇಕು, ಟಾರ್ಕ್ ಮಿತಿ ಹೊಂದಬೇಕು. ಎಣ್ಣೆ ಮತ್ತು ಫಿಲ್ಟರ್ 60,000 ಕಿ.ಮೀ.ಗೆ ಬದಲಿಸಬೇಕು ಅಂತ ಕಂಪನಿಯೇ ಹೇಳುತ್ತದೆ. ನಿಮ್ಮದು 64,000 ಆಗಿದೆ. ಹಿಂದಿನ ಮಾಲೀಕರು ಮಾಡಿಸಿದ ಬಿಲ್ ಇಲ್ಲದಿದ್ದರೆ ಈ ವಾರವೇ ಮಾಡಿಸಿ, ಟರ್ಬೊ ಹಾಕಿಸಿದರೂ ಸರಿ, ಬಿಟ್ಟರೂ ಸರಿ. ಮ್ಯಾಪ್ ಆದಮೇಲೂ ಮೂರು ಅಥವಾ ನಾಲ್ಕನೇ ಗೇರಿನಲ್ಲಿ ಪೂರ್ತಿ ಒತ್ತಿದಾಗ ಆರ್‌ಪಿಎಂ ಎದ್ದು ವೇಗ ಏರದಿದ್ದರೆ, ಬಲಪಡಿಸಿದ ಕ್ಲಚ್ ಪ್ಯಾಕ್ ಹಾಕಿಸದೆ ಬೇರೆ ದಾರಿ ಇಲ್ಲ.

ಇಷ್ಟೂ ಬಲ ಮುಂದಿನ ಎರಡೇ ಚಕ್ರಕ್ಕೆ ಹೋಗುವುದು ಅನ್ನುವುದೂ ನೆನಪಿರಲಿ. ಕೆಳಗಿನ ಎಂಜಿನ್ ಮೌಂಟ್‌ಗೆ ಗಟ್ಟಿ ಇನ್ಸರ್ಟ್ ಹಾಕಿಸಿದರೆ ಚಕ್ರ ಕುಣಿಯುವುದು ಕಡಿಮೆಯಾಗುತ್ತದೆ. ಒಳ್ಳೆ ಟೈರ್, ಹೊಸ ಬ್ರೇಕ್ ಫ್ಲೂಯಿಡ್, ಟ್ರ್ಯಾಕ್‌ಗೆ ತಕ್ಕ ಪ್ಯಾಡ್. ಇವು ಇಲ್ಲದೆ ನೇರ ರಸ್ತೆಯಲ್ಲಿ ಗಳಿಸಿದ ಸೆಕೆಂಡನ್ನು ಮೊದಲ ತಿರುವಿನಲ್ಲೇ ಕಳೆದುಕೊಳ್ಳುತ್ತೀರಿ.

ಪಿಸ್ಟನ್, ರಾಡ್ ವಿಷಯಕ್ಕೆ ಬರೋಣ. 300 ಪಿಎಸ್‌ನ ಗಾಲ್ಫ್ ಆರ್ ಮಾಡುವಾಗ ಫೋಕ್ಸ್‌ವ್ಯಾಗನ್‌ನವರು ಬರೀ ಟರ್ಬೊ ಬದಲಿಸಲಿಲ್ಲ. ಸಿಲಿಂಡರ್ ಹೆಡ್, ಎಕ್ಸಾಸ್ಟ್ ವಾಲ್ವ್, ಅದರ ಸೀಟು, ಸ್ಪ್ರಿಂಗು, ಪಿಸ್ಟನ್, ಇಂಜೆಕ್ಟರ್ ಎಲ್ಲವನ್ನೂ ಮಾರ್ಪಡಿಸಿದರು. ಹಾಗಾದರೆ ನಮಗೂ ಬೇಡವಾ ಅಂತ ಕೇಳಬಹುದು. ಕಂಪನಿಯವರು ಗಂಟೆಗಟ್ಟಲೆ ಪೂರ್ತಿ ಲೋಡ್‌ನಲ್ಲಿ ಓಡಿಸಿ ವಾರಂಟಿ ಕೊಡಬೇಕು. ನಿಮ್ಮದು ಆಫೀಸಿಗೆ ಹೋಗುವ ಕಾರು, ಟ್ರ್ಯಾಕ್‌ನಲ್ಲಿ ಆಗಾಗ ಒಂದಿಷ್ಟು ಲ್ಯಾಪು. ಟಾರ್ಕನ್ನು ಹಿಡಿತದಲ್ಲಿಟ್ಟರೆ ಒಳಗಿನ ಭಾಗಗಳು ತಡೆಯುತ್ತವೆ ಅನ್ನುವುದು ನನ್ನ ಲೆಕ್ಕ.

ರಾಡ್ ಬಾಗಿಸುವುದು ಮೇಲಿನ ಆರ್‌ಪಿಎಂನ ಪವರ್ ಅಲ್ಲ, ಕೆಳಗಿನ ಆರ್‌ಪಿಎಂನಲ್ಲಿ ದಢಕ್ಕನೆ ಬರುವ ಟಾರ್ಕು. ಟ್ಯೂನರ್‌ಗೆ ಹೀಗೆ ಹೇಳಿ: 3,500 ಆರ್‌ಪಿಎಂವರೆಗೆ ಟಾರ್ಕ್ ನಿಧಾನ ಏರಲಿ, 430 ಎನ್ಎಂ ದಾಟುವುದು ಬೇಡ. ಆ ಮಿತಿಯಲ್ಲಿದ್ದುಕೊಂಡೇ 5,600 ಆರ್‌ಪಿಎಂ ಹತ್ತಿರ 340 ಪಿಎಸ್ ಬರುತ್ತದೆ, ಲೆಕ್ಕ ಹಾಕಿ ನೋಡಿ. ಡೈನೊ (ಕಾರಿನ ಪವರ್ ಅಳೆಯುವ ಯಂತ್ರ) ಕೊಡುವ ಪೇಪರ್ ಮೇಲೆ ಟಾರ್ಕ್ ಗೆರೆ ಗುಡ್ಡದ ಹಾಗೆ ಕಾಣದೆ ಇರಬಹುದು, ಸ್ನೇಹಿತರು ಕಿಚಾಯಿಸಬಹುದು. ಬಿಡಿ.

ಕಡಿಮೆ ಆರ್‌ಪಿಎಂನಲ್ಲಿ ಇನ್ನೊಂದು ಅಪಾಯವೂ ಇದೆ. ನೇರ ಇಂಜೆಕ್ಷನ್ ಟರ್ಬೊ ಎಂಜಿನ್‌ಗಳಲ್ಲಿ ಕಿಡಿ ಬರುವ ಮುಂಚೆಯೇ ಮಿಶ್ರಣ ಹೊತ್ತಿಕೊಳ್ಳುವುದುಂಟು. ಒಂದೇ ಏಟಿಗೆ ಪಿಸ್ಟನ್ ಒಡೆಯಬಹುದು. ಎಪಿಐ ಎಸ್‌ಪಿ ದರ್ಜೆಯ ಎಣ್ಣೆ ಇದಕ್ಕಾಗಿ ಪರೀಕ್ಷೆಯಾಗಿರುತ್ತದೆ. ಕಂಪನಿ ಹೇಳುವ 502.00 ಮಾನ್ಯತೆಯೂ ಇರುವ ಎಣ್ಣೆ ನೋಡಿ, ಬದಲಿಸುವ ಅವಧಿಯನ್ನು ಅರ್ಧಕ್ಕೆ ಇಳಿಸಿ. ಆರನೇ ಗೇರಿನಲ್ಲಿ 1,500 ಆರ್‌ಪಿಎಂ ಇರುವಾಗ ಪೆಡಲ್ ಪೂರ್ತಿ ಒತ್ತುವ ಅಭ್ಯಾಸ ಬಿಡಿ.

ಎಕ್ಸಾಸ್ಟ್ ಕಡೆ ದೊಡ್ಡ ಡೌನ್‌ಪೈಪ್‌ನಿಂದ (ಟರ್ಬೊದಿಂದ ಹೊಗೆ ಹೊರಹೋಗುವ ಮೊದಲ ಪೈಪು) ಈ ಟರ್ಬೊಗೆ ನಿಜವಾದ ಲಾಭ ಇದೆ. ಒತ್ತಡ ಕಡಿಮೆಯಾಗುತ್ತದೆ, ಬಿಸಿಯೂ ಕಡಿಮೆ. ಆದರೆ ಕ್ಯಾಟಲಿಟಿಕ್ ಕನ್ವರ್ಟರ್ ಇರುವ, ಹರಿವು ಜಾಸ್ತಿ ಇರುವ ಪೈಪನ್ನೇ ಕೊಳ್ಳಿ. ಇನ್‌ಟೇಕ್ ಕಡೆ, ಟರ್ಬೊ ಬಾಯಿಗೆ ಸೇರುವ ಇಕ್ಕಟ್ಟಿನ ಮೊಣಕೈ ಪೈಪನ್ನು ಬದಲಿಸಿ. ಏರ್‌ಬಾಕ್ಸ್ ಹಾಗೇ ಇರಲಿ. ಓಪನ್ ಫಿಲ್ಟರ್ ಬಾನೆಟ್ ಒಳಗಿನ ಬಿಸಿ ಗಾಳಿ ಎಳೆಯುತ್ತದೆ. ಅದರ ಜೊತೆ ನಮ್ಮ ಕಡೆಯ ಕ್ವಾರಿ ಧೂಳು, ಟಿಪ್ಪರ್ ಧೂಳು ಬೇರೆ. ಕಂಪ್ರೆಸರ್ ರೆಕ್ಕೆಯ ಅಂಚು ಸವೆದರೆ ಟರ್ಬೊ ಕಥೆ ಮುಗಿಯಿತು. ಕಂಪನಿಯ ಪೇಪರ್ ಫಿಲ್ಟರನ್ನೇ ಬೇಗ ಬೇಗ ಬದಲಿಸಿ.

ಬ್ಲೋ-ಆಫ್ ವಾಲ್ವ್ ಸುಮ್ನೆ ‘ಪುಸ್ಸ್’ ಶಬ್ದಕ್ಕೆ. ನಿಮ್ಮ ಟರ್ಬೊ ಮೇಲೆ ವಿದ್ಯುತ್ ಡೈವರ್ಟರ್ ವಾಲ್ವ್ ಈಗಾಗಲೇ ಇದೆ, ಪೆಡಲ್ ಬಿಟ್ಟಾಗ ಮಿಕ್ಕ ಬೂಸ್ಟ್ ಗಾಳಿಯನ್ನು ಪಕ್ಕಕ್ಕೆ ತಿರುಗಿಸುವ ಕೆಲಸವನ್ನು ಅದು ಸದ್ದಿಲ್ಲದೆ ಮಾಡುತ್ತದೆ.

ಟರ್ಬೊ ಕೂರಿಸುವ ದಿನ ಹಳೆಯ ಎಣ್ಣೆ ಪೈಪು, ಗ್ಯಾಸ್ಕೆಟ್, ಸ್ಟಡ್‌ಗಳನ್ನು ಮತ್ತೆ ಬಳಸಲು ಬಿಡಬೇಡಿ. ಸ್ಟಾರ್ಟ್ ಮಾಡುವ ಮುಂಚೆ ಟರ್ಬೊಗೆ ಎಣ್ಣೆ ತುಂಬಿಸಬೇಕು. ಬೂಸ್ಟ್ ಹಿಡಿತದಲ್ಲಿಡುವ ಬಾಗಿಲು, ಅಂದರೆ ವೇಸ್ಟ್‌ಗೇಟ್‌ನ ವಿದ್ಯುತ್ ಆಕ್ಚುವೇಟರನ್ನು ಹೊಂದಿಸಿ, ಸ್ಕ್ಯಾನರ್‌ನಲ್ಲಿ ಅಡಾಪ್ಟೇಶನ್ (ಹೊಸ ಸ್ಥಾನವನ್ನು ಇಸಿಯುಗೆ ಕಲಿಸುವುದು) ಮಾಡಿಸಬೇಕು. ಇದನ್ನು ಬಿಟ್ಟರೆ ಬೂಸ್ಟ್ ಏರಿಳಿಯುತ್ತದೆ, ತಪ್ಪು ಮಾತ್ರ ಟ್ಯೂನರ್ ಮೇಲೆ ಬೀಳುತ್ತದೆ. ಬೂಸ್ಟ್ ಸೆನ್ಸರ್ ಎಷ್ಟು ಒತ್ತಡದವರೆಗೆ ಓದುತ್ತದೆ ಅಂತಲೂ ನೋಡಿ. ಅದರ ಮಿತಿ ದಾಟಿದ ಬೂಸ್ಟ್ ಇಸಿಯುಗೆ ಕಾಣುವುದೇ ಇಲ್ಲ.

ಕಾನೂನನ್ನೂ ಹೇಳದೆ ಬಿಡುವ ಹಾಗಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ವಾಹನ ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್‌ನಲ್ಲಿ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಅಪಘಾತವಾದರೆ ವಿಮೆಯವರೂ ತಕರಾರು ತೆಗೆಯುತ್ತಾರೆ. ದಿನಾ ರಸ್ತೆಗಿಳಿಸುವ ಕಾರು ನಿಮ್ಮದು, ಇದನ್ನು ತೂಗಿ ನೋಡಿಕೊಂಡೇ ಕೈಹಾಕಿ. ಬೇತಮಂಗಲದ ಕಡೆ ಹೊಸ ಎಕ್ಸ್‌ಪ್ರೆಸ್‌ವೇ ಖಾಲಿ ಇದೆ ಅಂತ ಅಲ್ಲಿ ಪರೀಕ್ಷೆಗೆ ಹೋಗಬೇಡಿ. ರಾಜ್ಯದಲ್ಲಿ 130 ಕಿ.ಮೀ. ವೇಗ ಮೀರಿದರೆ ಎಫ್‌ಐಆರ್. ಪರೀಕ್ಷೆ ಏನಿದ್ದರೂ ಡೈನೊ ಮೇಲೆ, ಆಮೇಲೆ ಟ್ರ್ಯಾಕ್‌ನಲ್ಲಿ.

ನಾನಾಗಿದ್ದರೆ ಹೀಗೆ ಹೋಗುತ್ತಿದ್ದೆ. ಮೊದಲು ಕಂಪ್ರೆಶನ್ ಟೆಸ್ಟ್, ಗಾಳಿ ಸೋರಿಕೆಗೆ ಸ್ಮೋಕ್ ಟೆಸ್ಟ್, ಗೇರ್‌ಬಾಕ್ಸ್ ಎಣ್ಣೆ. ಆಮೇಲೆ ಇಂಟರ್‌ಕೂಲರ್, ಪ್ಲಗ್, ಡೌನ್‌ಪೈಪ್, ಮತ್ತು ಇರುವ ಐಎಸ್20ಗೇ ಎಂಜಿನ್, ಗೇರ್‌ಬಾಕ್ಸ್ ಎರಡಕ್ಕೂ ಮ್ಯಾಪ್. ಅದರಲ್ಲಿ ಒಂದು ಟ್ರ್ಯಾಕ್ ದಿನ ಕಳೆಯಿರಿ. ಈ ಕಾರು ಕಂಪನಿಯಿಂದ ಬಂದಾಗ 1,500 ಆರ್‌ಪಿಎಂನಲ್ಲೇ ಪೂರ್ತಿ ಟಾರ್ಕ್ ಕೊಡುತ್ತದೆ. ಐಎಸ್38 ಹಾಕಿದಮೇಲೆ ಅದಕ್ಕಾಗಿ 3,000 ದಾಟುವವರೆಗೆ ಕಾಯಬೇಕಾಗುತ್ತದೆ, ನಮ್ಮ ಎತ್ತರದಲ್ಲಿ ಇನ್ನೂ ಸ್ವಲ್ಪ. ನರಸಾಪುರದ ಬೆಳಗಿನ ಟ್ರಾಫಿಕ್‌ನಲ್ಲಿ ಅದು ಇಷ್ಟವಾಗುತ್ತದೋ ಇಲ್ಲವೋ ನೀವೇ ಹೇಳಬೇಕು. ಆಗಲೂ ಇನ್ನೂ ಬೇಕು ಅನ್ನಿಸಿದರೆ ಪಂಪು, ಟರ್ಬೊ, ಹೊಸ ಮ್ಯಾಪ್ ಒಟ್ಟಿಗೆ ಮಾಡಿಸಿ. ಮೊದಲು ಕೊಂಡ ಯಾವ ಸಾಮಾನೂ ವ್ಯರ್ಥವಾಗುವುದಿಲ್ಲ.

ಸದ್ಯಕ್ಕೆ ಒಂದು ಕೆಲಸ ಮಾಡಿ. ಡೈನೊ ಮೇಲೆ ಮೂರನೇ ಗೇರಿನಲ್ಲಿ 2,000ದಿಂದ 6,500 ಆರ್‌ಪಿಎಂವರೆಗೆ ಪೂರ್ತಿ ಒತ್ತಿ ಒಂದು ಲಾಗ್ ತೆಗೆಸಿ. ಅದರಲ್ಲಿ ನಾಲ್ಕೂ ಸಿಲಿಂಡರಿನ ಟೈಮಿಂಗ್ ಹಿಂತೆಗೆತ, ಇನ್‌ಟೇಕ್ ಗಾಳಿಯ ಬಿಸಿ, ರೈಲ್ ಒತ್ತಡ ಕೇಳಿದ್ದೆಷ್ಟು ಸಿಕ್ಕಿದ್ದೆಷ್ಟು, ಬೂಸ್ಟ್ ಕೇಳಿದ್ದೆಷ್ಟು ಸಿಕ್ಕಿದ್ದೆಷ್ಟು, ವೇಸ್ಟ್‌ಗೇಟ್ ಸ್ಥಾನ, ಹೊರಗಿನ ಗಾಳಿಯ ಒತ್ತಡ, ಇಷ್ಟು ಇರಲಿ. ಯಾವ ಬಂಕಿನ ಯಾವ ಪೆಟ್ರೋಲು ಅಂತಲೂ ಬರೆದಿಡಿ. ಫೈಲು ಕಳಿಸಿದರೆ ನಿಮ್ಮ ಕಾರಿನಲ್ಲಿ ಮೊದಲು ಸಾಲದೆ ಬರುವ ಭಾಗ ಯಾವುದು ಅಂತ ನೋಡಿ ಹೇಳುತ್ತೇನೆ.